ವಾಸಿಯಾದ ರೋಗ ಮರಳಿ ಬರುವುದೇಕೆ?



ಸೈನಿಕರಲ್ಲಿ ಲೈಂಗಿಕ ರೋಗಗಳು ಒಮ್ಮೆ ಗುಣವಾದ ಮೇಲೂ ಮರಳಿ ಬರುವುದೇಕೆ ಎಂಬುದು ಇಂದಿನ ವಿಷಯ. ಕೇಳಲು ಮುಜುಗರವಾದೀತು. ಆದರೆ ಆ ಮುಜುಗರವೇ ರೋಗಕ್ಕೆ ದೊಡ್ಡ ಆಸರೆ.

ಬ್ರಿಟಿಷರ ಕಾಲದ ಬೆಂಗಳೂರು ದಂಡನ್ನೇ ನೋಡಿ. 1864ರ ಕಂಟೋನ್ಮೆಂಟ್ ಕಾಯ್ದೆಯ ನಂತರ ದಂಡು ಪ್ರದೇಶಗಳಲ್ಲಿ ವೇಶ್ಯೆಯರ ಹೆಸರು ನೋಂದಾಯಿಸಿ, ಬಲವಂತವಾಗಿ ಪರೀಕ್ಷಿಸಿ, ರೋಗ ಕಂಡರೆ 'ಲಾಕ್ ಆಸ್ಪತ್ರೆ'ಯಲ್ಲಿ ಕೂಡಿಹಾಕುತ್ತಿದ್ದರು. ಅವರ ಬಳಿಗೆ ಹೋದ ಸಿಪಾಯಿಗೆ ನೋಂದಣಿಯೂ ಇಲ್ಲ, ಸೆರೆಯೂ ಇಲ್ಲ! ಇಬ್ಬರಿಂದ ಹರಡುವ ರೋಗಕ್ಕೆ ಒಬ್ಬರನ್ನೇ ಹಿಡಿದರೆ ಏನು ಫಲ?

ಅಮೆರಿಕಾದ ಸೈನ್ಯ ಬೇರೆ ದಾರಿ ಹಿಡಿಯಿತು. ಈ ರೋಗದಿಂದ ಮಲಗಿದ ಸೈನಿಕನಿಗೆ ಆ ದಿನಗಳ ಸಂಬಳವಿಲ್ಲವೆಂದು 1926ರಲ್ಲಿ ಕಾನೂನಾಯಿತು. ಸಂಬಳ ಹೋಗುವ ಭಯಕ್ಕೆ ಸೈನಿಕರು ರೋಗವನ್ನು ಬಚ್ಚಿಡುತ್ತಿದ್ದರು. ಕಡೆಗೆ 1944ರಲ್ಲಿ ಆ ಕಾನೂನನ್ನು ತೆಗೆದುಹಾಕಬೇಕಾಯಿತು.

ಅದೇ ಸೈನ್ಯದಲ್ಲಿ 1996-97ರಲ್ಲಿ ಹೊಸದಾಗಿ ಸೇರಿದ 13,204 ಯುವತಿಯರನ್ನು ಪರೀಕ್ಷಿಸಿದಾಗ ನೂರಕ್ಕೆ 9ಕ್ಕೂ ಹೆಚ್ಚು ಮಂದಿಯಲ್ಲಿ ಕ್ಲಮೀಡಿಯಾ ಸೋಂಕು ಕಂಡಿತು. ಈ ಸೋಂಕು ಬಹುಪಾಲು ಜನರಲ್ಲಿ ನೋವು, ಉರಿ ಯಾವುದನ್ನೂ ತೋರಿಸುವುದಿಲ್ಲ. ಹೆಂಗಸರನ್ನು ಹೆಚ್ಚು ಪರೀಕ್ಷಿಸುವುದರಿಂದ ಲೆಕ್ಕದಲ್ಲಿ ಅವರೇ ಹೆಚ್ಚು ಕಾಣುತ್ತಾರೆ ಎಂಬುದನ್ನೂ ಮರೆಯಬೇಡಿ.

ಮರುಸೋಂಕಿನ ಅಪಾಯ ಹೆಚ್ಚಿರುವುದು 25 ದಾಟದವರಲ್ಲಿ, ಹೊಸ ಅಥವಾ ಹಲವು ಸಂಗಾತಿಗಳಿರುವವರಲ್ಲಿ, ಕಾಂಡೋಮ್ ಬಳಸದವರಲ್ಲಿ. ಒಮ್ಮೆ ಬಂದರೆ ಮತ್ತೆ ಬಾರದು ಎಂಬ ನಂಬಿಕೆ ಸುಳ್ಳು. ಸೈನ್ಯದಲ್ಲಿರುವವರು ಹೆಚ್ಚಾಗಿ ಎಳೆಯ ವಯಸ್ಸಿನವರು. ಮನೆಯಿಂದ ದೂರ, ಮೇಲಿಂದ ಮೇಲೆ ವರ್ಗಾವಣೆ. ಪರೀಕ್ಷೆಯ ವರದಿ ಕೈಗೆ ಬರುವಷ್ಟರಲ್ಲಿ ಸಂಗಾತಿ ಬೇರೆಲ್ಲೋ ಇರಬಹುದು. ಮಾತ್ರೆ ನುಂಗಿ ಗುಣವಾದವನು ಚಿಕಿತ್ಸೆ ಪಡೆಯದ ಅದೇ ಸಂಗಾತಿಯಿಂದ ರೋಗವನ್ನು ಮತ್ತೆ ಪಡೆಯುತ್ತಾನೆ. ಔಷಧಿ ಸರಿಯಿಲ್ಲ ಎಂದು ವೈದ್ಯರನ್ನು ದೂರುವವರೂ ಉಂಟು!

ಹೆಣ್ಣಿಗೆ ಇದರ ಪೆಟ್ಟು ಜಾಸ್ತಿ. ಸೋಂಕು ಮರುಕಳಿಸಿದಷ್ಟೂ ಅಂಡನಾಳಕ್ಕೆ ಹಾನಿಯಾಗಿ ಮಕ್ಕಳಾಗದಿರುವ ಅಪಾಯ ಹೆಚ್ಚುತ್ತದೆ. ತನ್ನ ಗಂಡನ ರೋಗದ ಸುಳಿವೇ ಇಲ್ಲದ ಹೆಂಡತಿ ಬಂಜೆಯೆಂಬ ಮಾತು ಕೇಳಬೇಕಾಗುತ್ತದೆ. ಇದಕ್ಕಿಂತ ಅನ್ಯಾಯ ಬೇರೇನಿದೆ?

ಆದುದರಿಂದ ವೈದ್ಯರು ಇಬ್ಬರಿಗೂ ಔಷಧಿ ಕೊಡುತ್ತಾರೆ, ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ ದೂರವಿರಲು ಹೇಳುತ್ತಾರೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಈ ಚಿಕಿತ್ಸೆ ಉಚಿತ. ಸುಮಾರು ಮೂರು ತಿಂಗಳ ಬಳಿಕ, ಆರೋಗ್ಯ ಚೆನ್ನಾಗಿದೆ ಎನಿಸಿದರೂ, ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು.