ತಿಪ್ಪೆಯಿಂದ ಟಿಪ್ಪರಿಗೆ

ಕಸ, ಕೊಳೆ, ಹೊಲಸು, ರೊಚ್ಚೆ, ಗಲೀಜು: ಬೇಡವಾದುದನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಇವೆಲ್ಲವೂ ಕಣ್ಣಿಗೂ ಮೂಗಿಗೂ ಹೇಸಿಕೆಯಾದುದನ್ನು ಸೂಚಿಸತಕ್ಕವು. ಆದರೆ ತಿಪ್ಪೆ ಎಂಬ ಪದದ ಗುಣ ಬೇರೆ. ತಿಪ್ಪೆ ಕಸದ ಗುಡ್ಡೆಯೂ ಹೌದು, ಗೊಬ್ಬರದ ಕಣಜವೂ ಹೌದು. ಇಂದು ಎಸೆದದ್ದು ಬರುವ ಮುಂಗಾರಿನ ಹೊತ್ತಿಗೆ ಹೊಲಕ್ಕೆ ಹೋಗಬೇಕಾದ ಸೊತ್ತು ಎಂಬ ಭರವಸೆ ಆ ಒಂದು ಪದದಲ್ಲಿ ಅಡಗಿದೆ. ಜಗಳೂರಿನ ಕಡೆ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರಿನವರು ಎಷ್ಟೋ ಮಂದಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿ ಇದಕ್ಕೆ ಮುಖ್ಯ ಕಾರಣ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪಯ್ಯನೆಂದು ಕರೆಯುವ ರೂಢಿಯೂ ನಮ್ಮಲ್ಲಿತ್ತು. ದೀಪಾವಳಿಯಲ್ಲಿ ಹೊಸ್ತಿಲಿಗೆ, ಕೊಟ್ಟಿಗೆಗೆ ಇಟ್ಟಂತೆಯೇ ತಿಪ್ಪೆಗೂ ಒಂದು ಹಣತೆ ಇಡುತ್ತಿದ್ದರು. ತಮ್ಮ ಮನೆಯ ಕಸದ ಗುಡ್ಡೆಗೆ ದೀಪ ಹಚ್ಚಿಟ್ಟ ಜನರು ಲೋಕದಲ್ಲಿ ಎಷ್ಟು ಮಂದಿ ಇದ್ದಾರು?

ಈಗ ನಮ್ಮ ಊರುಗಳಲ್ಲಿ ತಿಪ್ಪೆ ಇಲ್ಲ. ಬೆಳಿಗ್ಗೆ ಹಾಡು ಹಾಕಿಕೊಂಡು ಬೀದಿಗೆ ಬರುವ ಟಿಪ್ಪರ್ ಇದೆ. ಎರಡು ಪದಗಳ ಧ್ವನಿಸಾಮ್ಯ ಕೇವಲ ಆಕಸ್ಮಿಕ. ಆದರೆ ತಿಪ್ಪೆ ಹೋಗಿ ಟಿಪ್ಪರ್ ಬಂದ ನಡುವಣ ಕಾಲದಲ್ಲಿ ಆದದ್ದೇನು ಎಂಬುದು ಯೋಚಿಸತಕ್ಕ ವಿಷಯ. ಇದನ್ನು ವಿವರಿಸುವುದಕ್ಕೆ ದಾವಣಗೆರೆ ಜಿಲ್ಲೆಯ ನಾಲ್ಕು ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ: ಚನ್ನಗಿರಿ, ಹೊನ್ನಾಳಿ, 2018ರಲ್ಲಿ ಹೊಸ ತಾಲ್ಲೂಕಾದ ನ್ಯಾಮತಿ, ಮತ್ತು ಜಗಳೂರು. ಇವು ಮಹಾನಗರಗಳಲ್ಲ, ಯಾವುದೂ ಅರ್ಧ ಲಕ್ಷ ಜನವಸತಿಯ ಊರೂ ಅಲ್ಲ. ಅದಕ್ಕಾಗಿಯೇ ಆರಿಸಿಕೊಂಡೆ. ಕಸದ ಮಾತು ಬಂದಾಗಲೆಲ್ಲ ನಾವು ಬೆಂಗಳೂರಿನತ್ತ ಬೆರಳು ತೋರಿಸಿ ಸುಮ್ಮನಾಗುತ್ತೇವೆ. ಬೆಂಗಳೂರಿಗೆ ಕೈತಪ್ಪಿ ಹೋದದ್ದು ಈ ಊರುಗಳ ಕೈಯಲ್ಲಿ ಇನ್ನೂ ಉಳಿದಿದೆಯೆಂಬುದು ನನ್ನ ಎಣಿಕೆ.

ಹಳೆಯ ತಿಪ್ಪೆಗೆ ಏನೇನು ಬೀಳುತ್ತಿತ್ತು? ಸಗಣಿ, ಗಂಜಲದ ಕೊಚ್ಚೆ, ಒಲೆಯ ಬೂದಿ, ಊಟದೆಲೆ, ತರಕಾರಿಯ ಸಿಪ್ಪೆ, ಹರಿದ ಗೋಣಿ, ಒಡೆದ ಮಡಕೆಯ ಚೂರು. ಮಡಕೆಯ ಚೂರನ್ನು ಬಿಟ್ಟರೆ ಮಿಕ್ಕದ್ದೆಲ್ಲ ಮಣ್ಣಾಗತಕ್ಕದ್ದೇ. ಪೇಟೆಯಲ್ಲಿ ಬೀಳುವ ಕಸವೂ ಹೆಚ್ಚುಕಡಿಮೆ ಇದೇ ಜಾತಿಯದಾಗಿದ್ದುದರಿಂದ ಪುರಸಭೆಗಳು ಅದನ್ನು ಗುಂಡಿಗಳಲ್ಲಿ ಕೊಳೆಸಿ ರೈತರಿಗೆ ಮಾರುವುದು ಸಾಧ್ಯವಾಗಿತ್ತು. ಕಸ ಊರಿಗೆ ಹೊರೆಯಾಗಿರದೆ ಸಣ್ಣದೊಂದು ಆದಾಯವೂ ಆಗಿತ್ತೆಂದರೆ ಇಂದಿನವರು ನಂಬಲಾರರು. ಹಳಗನ್ನಡದಲ್ಲಿ ಕಸವರವೆಂದರೆ ಹೊನ್ನು. ಕಸಕ್ಕೂ ಕಸವರಕ್ಕೂ ಹುಟ್ಟಿನ ನಂಟಿದೆಯೆಂದು ನಾನು ಹೇಳಹೊರಟಿಲ್ಲ. ಅಂಥ ನಂಟನ್ನು ಯಾರಾದರೂ ಕಲ್ಪಿಸಿದ್ದರೆ ಆ ಕಾಲದ ಪುರಸಭೆಯ ಲೆಕ್ಕಪುಸ್ತಕ ಅವರ ಪಕ್ಷ ವಹಿಸುತ್ತಿತ್ತು.

ಈ ಗುಂಡಿಗಳ ಹಿಂದೆ ಶಾಸ್ತ್ರವೂ ಇತ್ತು. ಆಲ್ಬರ್ಟ್ ಹೊವಾರ್ಡ್ ಎಂಬ ಆಂಗ್ಲ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದು, ನಮ್ಮ ರೈತರ ಪದ್ಧತಿಗಳನ್ನೂ ಪೂರ್ವದೇಶಗಳ ಬೇಸಾಯವನ್ನೂ ಗಮನಿಸಿ, ಕಾಂಪೋಸ್ಟ್ ತಯಾರಿಕೆಗೆ ಇಂದೂರು ವಿಧಾನವೆಂಬ ಒಂದು ಕ್ರಮವನ್ನು ರೂಪಿಸಿದರು. ಅದರಲ್ಲಿ ರಾಶಿಯನ್ನು ಆಗಾಗ ತಿರುವಿಹಾಕಬೇಕು. ಆಮೇಲೆ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಪಟ್ಟಣಗಳಿಗೆಂದೇ ಇನ್ನೊಂದು ಕ್ರಮವನ್ನು ಕಂಡುಕೊಂಡರು. ಸುಮಾರು ಒಂದು ಮೀಟರ್ ಆಳದ ಕಂದಕ ತೋಡಿ, ಊರಿನ ಕಸದ ಒಂದು ಪದರ, ಮಲದ ತೆಳುವಾದ ಇನ್ನೊಂದು ಪದರ, ಹೀಗೆ ಒಂದರ ಮೇಲೊಂದು ಹಾಸಿ, ನೆಲಮಟ್ಟಕ್ಕಿಂತ ಮೇಲೆ ಬಂದಾಗ ಮಣ್ಣು ಮುಚ್ಚಿಬಿಡುವುದು. ತಿರುವಿಹಾಕುವ ಕೆಲಸವಿಲ್ಲ, ನೊಣದ ಕಾಟ ಕಡಿಮೆ. ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧ. ಜಗತ್ತಿನ ಕೃಷಿಗ್ರಂಥಗಳಲ್ಲಿ ಇದು ಇಂದಿಗೂ ಬೆಂಗಳೂರು ವಿಧಾನವೆಂದೇ ಪ್ರಸಿದ್ಧ. 1975ರಲ್ಲಿ ಸರ್ಕಾರ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದ್ದೂ ನಗರದ ಕಸವನ್ನು ಗೊಬ್ಬರವಾಗಿಸುವ ಉದ್ದೇಶದಿಂದಲೇ.

ಕಸವನ್ನು ಗೊಬ್ಬರ ಮಾಡುವ ವಿದ್ಯೆಗೆ ತನ್ನ ಹೆಸರನ್ನು ಕೊಟ್ಟ ನಗರ ತನ್ನ ಕಸವನ್ನು ಎಲ್ಲಿಗೆ ಕಳಿಸಿತು? ಮಾವಳ್ಳಿಪುರಕ್ಕೆ, ಮಂಡೂರಿಗೆ. 2012ರಲ್ಲಿ ಮಾವಳ್ಳಿಪುರದ ಹೊಂಡ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿದ್ದದ್ದನ್ನು ಬಹಳ ಮಂದಿ ಮರೆತಿರಲಾರರು. ಮಂಡೂರಿನ ಜನ ಹೋರಾಡಿ, 2014ರ ಡಿಸೆಂಬರಿನಿಂದ ಅಲ್ಲಿಗೆ ಕಸದ ಲಾರಿಗಳು ಬರದಂತೆ ಮಾಡಿಕೊಂಡರು. ಕಸದಿಂದ ರಸ ಎಂಬ ಮಾತನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವಷ್ಟೆ. ಇಂಥ ಗುಡ್ಡಗಳ ಬುಡದಲ್ಲಿ ಹರಿಯುವ ಕಪ್ಪು ದ್ರವವನ್ನು ಕಂಡವರಿಗೆ ಆ ಮಾತು ಬೇರೆಯೇ ಅರ್ಥದಲ್ಲಿ ನಿಜವಾಯಿತು. ಆ ರಸ ಅಂತರ್ಜಲಕ್ಕೆ ಇಳಿಯುತ್ತದೆ, ಬಾವಿಗೆ ಬರುತ್ತದೆ.

ತಿಪ್ಪೆಗೂ ಈ ಗುಡ್ಡಕ್ಕೂ ಇರುವ ವ್ಯತ್ಯಾಸ ಗಾತ್ರದ್ದಲ್ಲ, ಬೆರಕೆಯದು. ಪ್ಲಾಸ್ಟಿಕ್ಕಿನ ಕವರು, ಗಾಜು, ಬ್ಯಾಟರಿ, ಬಲ್ಬು, ಔಷಧದ ಸೂಜಿ ಅನ್ನದೊಡನೆ ಸೇರಿದ ದಿನ ತಿಪ್ಪೆ ಸತ್ತಿತು. ಅನ್ನ ಪ್ರತ್ಯೇಕವಾಗಿದ್ದರೆ ಗೊಬ್ಬರ, ಪ್ಲಾಸ್ಟಿಕ್ಕು ಪ್ರತ್ಯೇಕವಾಗಿದ್ದರೆ ಮಾರಾಟದ ವಸ್ತು. ಎರಡೂ ಕೂಡಿದರೆ ಯಾವುದೂ ಅಲ್ಲ. ಗಾಳಿಯಾಡದೆ ಒಳಗೇ ಕೊಳೆತು ಹುಟ್ಟುವ ಮೀಥೇನ್ ಅನಿಲಕ್ಕೆ ಕಿಡಿ ತಾಗಿ ಗುಡ್ಡ ದಿನಗಟ್ಟಲೆ ಹೊಗೆಯಾಡುತ್ತದೆ. ಇದೇ ಕಾಲಕ್ಕೆ ರಾಸಾಯನಿಕ ಗೊಬ್ಬರದ ಚೀಲ ಸುಲಭವಾಗಿ ಸಿಗತೊಡಗಿ, ರೈತನಿಗೂ ಊರಿನ ಕಸದ ಗೊಡವೆ ಬೇಡವಾಯಿತು. ಊರೂ ಹೊಲವೂ ಕೈಬಿಟ್ಟ ವಸ್ತು ರಸ್ತೆಯ ಬದಿಗೆ ಬಂದು ಬಿತ್ತು.

ಇದು ನಮ್ಮೊಬ್ಬರ ಗತಿಯಲ್ಲ. ವಿಶ್ವಬ್ಯಾಂಕಿನ 2018ರ ವರದಿಯ ಪ್ರಕಾರ 2016ರಲ್ಲಿ ಜಗತ್ತಿನ ಊರುಗಳ ಕಸ ಸುಮಾರು 201 ಕೋಟಿ ಟನ್. 2050ರ ಹೊತ್ತಿಗೆ ಅದು 340 ಕೋಟಿ ಟನ್ ಆಗಬಹುದೆಂದು ಅದೇ ವರದಿಯ ಅಂದಾಜು. 2005ರ ಫೆಬ್ರವರಿ 21ರಂದು ಇಂಡೋನೇಷ್ಯದ ಬಾಂಡುಂಗ್ ನಗರದ ಬಳಿ ಲಿಯುವಿಗಾಜಾ ಎಂಬಲ್ಲಿ ಮಳೆಗೆ ನೆನೆದ ಕಸದ ಬೆಟ್ಟ ಜಾರಿ 140ಕ್ಕೂ ಹೆಚ್ಚು ಜನ ಸತ್ತರು. ಸುಟ್ಟುಬಿಡೋಣವೆಂಬುದು ಯಂತ್ರಪ್ರಿಯರ ಉತ್ತರ. 1987ರಲ್ಲಿ ದೆಹಲಿಯ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ನೆರವಿನಿಂದ ಅಂಥದೊಂದು ದಹನಯಂತ್ರವನ್ನು ಸ್ಥಾಪಿಸಿದರು. ನಮ್ಮ ಕಸದಲ್ಲಿ ನೀರಿನಂಶವೇ ಹೆಚ್ಚು, ಉರಿಯುವ ಗುಣ ಕಡಿಮೆ. ಅದು ಕೆಲವೇ ವಾರ ನಡೆದು ನಿಂತಿತು. ಅನ್ನ, ಸೊಪ್ಪು, ಬಾಳೆಲೆ ಉರಿಯಲಿಲ್ಲವೆಂದು ಯಂತ್ರವನ್ನು ದೂರಿ ಫಲವಿಲ್ಲ.

ಬೇರ್ಪಡಿಸುವ ಉಪಾಯವಾದರೂ ಹೊಸದಲ್ಲ. ಪ್ಯಾರಿಸ್ ನಗರದ ಆಡಳಿತ ಯೂಜೀನ್ ಪೂಬೆಲ್ ಎಂಬ ಅಧಿಕಾರಿಯ ಕೈಯಲ್ಲಿದ್ದಾಗ, 1883-84ರಲ್ಲಿ, ಪ್ರತಿ ಮನೆಯ ಮಾಲೀಕನೂ ಕಸಕ್ಕೆ ಮುಚ್ಚಳದ ಡಬ್ಬಿ ಇಡಬೇಕೆಂದು ಆತ ಆಜ್ಞೆ ಹೊರಡಿಸಿದ. ಕೊಳೆಯುವುದಕ್ಕೆ ಒಂದು, ಕಾಗದ ಬಟ್ಟೆಗೆ ಒಂದು, ಗಾಜು ಪಿಂಗಾಣಿ ಚಿಪ್ಪುಗಳಿಗೆ ಒಂದು. ಮನೆಯ ಮಾಲೀಕರು ಗೊಣಗಿದರು. ಚಿಂದಿ ಆಯುವ ಬಡವರು ಹೊಟ್ಟೆಪಾಡು ಹೋಯಿತೆಂದು ಪ್ರತಿಭಟಿಸಿದರು. ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಕಸದ ಡಬ್ಬಿಗೆ ಪೂಬೆಲ್ ಎಂದೇ ಹೆಸರು. ನಮ್ಮ ದೇಶದಲ್ಲಿ ಅಲ್ಮಿತ್ರಾ ಪಟೇಲರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಫಲವಾಗಿ 2000ದಲ್ಲಿ ಮೊದಲ ನಿಯಮಗಳು ಬಂದವು. ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಮನೆಯಲ್ಲೇ ವಿಂಗಡಿಸಬೇಕೆಂದು 2016ರ ನಿಯಮಗಳು ವಿಧಿಸಿದವು. ಪೂಬೆಲ್‌ನ ಮೂರು ಡಬ್ಬಿಗಳು ನಮ್ಮ ಬಾಗಿಲಿಗೆ ಬರುವುದಕ್ಕೆ 130 ವರ್ಷ ಹಿಡಿಯಿತು.

ಸಣ್ಣ ಊರಿನ ಉದಾಹರಣೆಗೆ ಜಪಾನಿನ ಕಾಮಿಕಾತ್ಸುವನ್ನು ನೋಡಬಹುದು. ಅದು ಗುಡ್ಡಗಾಡಿನ ಊರು. ಸುಮಾರು ಒಂದೂವರೆ ಸಾವಿರ ಜನ, ಹೆಚ್ಚಿನವರು ವಯಸ್ಸಾದವರು. ಅಲ್ಲಿಗೆ ಕಸದ ಗಾಡಿಯೇ ಬರುವುದಿಲ್ಲ. ಅಡುಗೆಮನೆಯ ಕಸ ಹಿತ್ತಿಲಲ್ಲೇ ಗೊಬ್ಬರ; ಉಳಿದುದನ್ನು ಜನರೇ ಕೇಂದ್ರಕ್ಕೆ ಒಯ್ದು 45 ಬಗೆಯಾಗಿ ವಿಂಗಡಿಸುತ್ತಾರೆ. 2020ರ ವೇಳೆಗೆ ಸುಡುವ, ಹೂಳುವ ಕಸವೇ ಇರಕೂಡದೆಂದು 2003ರಲ್ಲಿ ಸಂಕಲ್ಪ ಮಾಡಿದರು. ಪೂರ್ತಿ ಆಗಲಿಲ್ಲ, ನೂರರಲ್ಲಿ ಸುಮಾರು 80 ಪಾಲು ಮರುಬಳಕೆಗೆ ಹೋಗುತ್ತದೆ. ನಲವತ್ತೈದು ಬಗೆ ನಮಗೆ ಬೇಡ. ಮೂರು ಸಾಕು.

ಇನ್ನು ನಮ್ಮ ನಾಲ್ಕು ಊರುಗಳ ಲೆಕ್ಕ. ತಲೆಗೆ ದಿನಕ್ಕೆ ಕಾಲು ಕಿಲೋ ಎಂದು ಹಿಡಿದರೆ, 20 ಸಾವಿರ ಜನರ ಊರಿನಲ್ಲಿ 5 ಟನ್ ಕಸ. ಅದರಲ್ಲಿ ಅರ್ಧದಷ್ಟು ಕೊಳೆಯತಕ್ಕದ್ದು. ಬೆಂಗಳೂರಿನ ಗೊಬ್ಬರ ಹೊಲ ಮುಟ್ಟಬೇಕಾದರೆ ಹತ್ತಾರು ಮೈಲಿ ದಾಟಬೇಕು. ಚನ್ನಗಿರಿಯ ಕೊನೆಯ ಬೀದಿ ಮುಗಿದಲ್ಲಿಯೇ ತೋಟ ಆರಂಭವಾಗುತ್ತದೆ. ಹೊನ್ನಾಳಿಯಲ್ಲಿ ಬತ್ತವಿದೆ, ಅಡಿಕೆಯಿದೆ, ಪಕ್ಕದಲ್ಲಿ ತುಂಗಭದ್ರೆ ಇದ್ದಾಳೆ. ಅಲ್ಲಿ ದಡಕ್ಕೆ ಚೆಲ್ಲಿದ್ದು ಕೆಳಗಿನ ಹರಿಹರದವರ ಪಾಲಿಗೆ ಹೋಗುತ್ತದೆಂಬುದನ್ನು ಮರೆಯುವಂತಿಲ್ಲ. ನ್ಯಾಮತಿಯ ಸುತ್ತ ಮೆಕ್ಕೆಜೋಳ. ಅದು ನೆಲದ ಸಾರವನ್ನು ಹೇಗೆ ಹೀರುವ ಬೆಳೆಯೆಂಬುದನ್ನು ಅಲ್ಲಿಯ ರೈತರಿಗೆ ನಾನು ಹೇಳಬೇಕಾಗಿಲ್ಲ. ಜಗಳೂರಿನ ಮಾತು ಇನ್ನೂ ಒಂದು ಹೆಜ್ಜೆ ಮುಂದಿನದು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಕೊಳೆತ ಗೊಬ್ಬರ ಬೆಳೆಯ ಆಹಾರ ಮಾತ್ರವಲ್ಲ, ಬಿದ್ದ ಹನಿಯನ್ನು ಮಣ್ಣಿನಲ್ಲಿ ಹಿಡಿದಿಡುವ ಸ್ಪಂಜು ಕೂಡ.

ಅಡಿಕೆಯ ಸೀಮೆಯಲ್ಲಿ ನನಗೆ ಅರ್ಥವಾಗದ ಒಂದು ದೃಶ್ಯವಿದೆ. ಸುಲಿತದ ಕಾಲದಲ್ಲಿ ಖೇಣಿಮನೆಗಳಿಂದ ಹೊರಬೀಳುವ ಅಡಿಕೆ ಸಿಪ್ಪೆಯನ್ನು ರಸ್ತೆಯ ಎರಡು ಬದಿಗೂ ಸುರಿದು ಬೆಂಕಿಯಿಡುತ್ತಾರೆ. ಎದುರಿನ ವಾಹನ ಕಾಣದಷ್ಟು ಹೊಗೆ. ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸಿಪ್ಪೆಯೇ. ಅದು ನಾರಿನ ಪದಾರ್ಥವಾದುದರಿಂದ ತಾನಾಗಿ ಬೇಗ ಕೊಳೆಯದೆಂಬುದು ನಿಜ. ಆದರೆ ಸಗಣಿಯ ಗಂಜಿಯೊಡನೆ, ಪೇಟೆಯ ಹಸಿಕಸದೊಡನೆ ಸೇರಿಸಿದರೆ ಕೊಳೆಯುತ್ತದೆ. ಹಸಿಕಸಕ್ಕೆ ಇಂಥ ಒಣ ನಾರು ಬೇಕು, ಸಿಪ್ಪೆಗೆ ಹಸಿಕಸದ ತೇವ ಬೇಕು. ಒಂದೇ ಊರಿನಲ್ಲಿ ಒಂದನ್ನು ಹೊಂಡಕ್ಕೆ ಚೆಲ್ಲಿ ಇನ್ನೊಂದನ್ನು ರಸ್ತೆಯಲ್ಲಿ ಸುಟ್ಟು, ತೋಟಕ್ಕೆ ಗೊಬ್ಬರವನ್ನು ದೂರದಿಂದ ಲಾರಿಯಲ್ಲಿ ತರಿಸುವುದು ಯಾವ ಲೆಕ್ಕಾಚಾರವೋ ತಿಳಿಯದು.

ಬೆರಕೆಯ ಕಸ ಎಂದೆನಷ್ಟೆ. ಅದನ್ನು ಕಡೆಗೆ ಬಿಡಿಸುವ ಕೈ ಯಾರದು? 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಆಚಾರ್ಯರ ಕಂದಕಗಳ ಮಲದ ಪದರವನ್ನು ಹೊತ್ತು ತಂದವರು ಯಾರೆಂಬುದನ್ನು ಕೃಷಿಗ್ರಂಥಗಳು ಹೇಳುವುದಿಲ್ಲ. ಹಳೆಯ ವ್ಯವಸ್ಥೆಯನ್ನು ಹೊಗಳುವ ನನ್ನಂಥವರು ಇದನ್ನು ನೆನಪಿನಲ್ಲಿಡಬೇಕು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ 500 ಜನರಿಗೆ ಒಬ್ಬ ಪೌರಕಾರ್ಮಿಕನಿರಬೇಕೆಂದು ಶಿಫಾರಸು ಮಾಡಿತು. ಜಾಡಮಾಲಿ ಎಂದು ಕರೆಯುತ್ತಿದ್ದವರನ್ನು ಪೌರಕಾರ್ಮಿಕರೆಂದು ಕರೆದದ್ದು ದೊಡ್ಡ ಬದಲಾವಣೆಯೇ ಸರಿ. ಆದರೆ ಹೆಸರು ಬದಲಾದ ಮೇಲೂ, ಒಡೆದ ಗಾಜಿನ ಲೋಟವನ್ನು ಅನ್ನದ ಜೊತೆ ಕವರಿಗೆ ಹಾಕಿ ಗಂಟು ಬಿಗಿಯುವ ಮನೆ, ಬೆಳಗಿನ ಆರು ಗಂಟೆಗೆ ಒಬ್ಬ ಹೆಂಗಸಿನ ಅಂಗೈಯನ್ನು ಕೊಯ್ಯುತ್ತಿದೆ. ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡುವುದಕ್ಕೆ ಹಿಡಿಯುವ ಕಾಲ ಅರ್ಧ ನಿಮಿಷ.

ಪುರಸಭೆ, ಪಟ್ಟಣ ಪಂಚಾಯಿತಿಗಳ ಕರ್ತವ್ಯವೂ ಇದೆ. ಮನೆಯವರು ಬೇರೆ ಬೇರೆಯಾಗಿ ಕೊಟ್ಟದ್ದನ್ನು ಗಾಡಿಯಲ್ಲಿ ಒಂದೇ ರಾಶಿ ಮಾಡಿದರೆ ಮರುವಾರ ಯಾರೂ ಬೇರೆ ಮಾಡಿ ಕೊಡಲಾರರು. ಗಾಡಿಯಲ್ಲಿ ಅಡ್ಡಹಲಗೆ ಇರಬೇಕು, ಕಾಂಪೋಸ್ಟ್ ಅಂಗಳಕ್ಕೆ ಚಾವಣಿ ಇರಬೇಕು, ಕೆಲಸದವರಿಗೆ ಕೈಗವಸು ಬೂಟು ಇರಬೇಕು. ಮಿಗಿಲಾಗಿ, ಆದ ಗೊಬ್ಬರಕ್ಕೆ ಒಂದು ಬೆಲೆ ಕಟ್ಟಿ ಮಾರಬೇಕು. ಪುಕ್ಕಟೆ ಕೊಟ್ಟದ್ದನ್ನು ರೈತ ಸಂಶಯದಿಂದ ನೋಡುತ್ತಾನೆ. ಕೊಳ್ಳುವವನ ಪರೀಕ್ಷೆ ಬಹಳ ಸರಳ. ಚನ್ನಗಿರಿಯ ತೋಟದವನು ಚೀಲದ ಬಾಯಿ ಬಿಚ್ಚಿ, ಒಂದು ಬೊಗಸೆ ತೆಗೆದು, ಮೂಸಿ, ಬೆರಳುಗಳ ನಡುವೆ ಉದುರಿಸುತ್ತಾನೆ. ಅದರಲ್ಲಿ ಒಂದು ಗಾಜಿನ ಚೂರು ಸಿಕ್ಕಿತೋ, ಚೀಲವನ್ನು ಅಲ್ಲಿಯೇ ಬಿಟ್ಟು ಹೊರಡುತ್ತಾನೆ.