ಒಲೆಯ ಮುಂದಿನ ವಿದ್ಯೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಸಂಘದ ಸಭೆಯಲ್ಲಿ ಅಡುಗೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ನನ್ನ ಮನೆಯಲ್ಲೇ ಇದೆ. ನಾನು ಪಿ.ಯು.ಸಿ. ಓದುವಾಗ ಅಮ್ಮಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದರು. ಆಪಾ ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಬೆಳಿಗ್ಗೆ ನಾನು ಪುಸ್ತಕದ ಮುಂದೆ, ಅವಳು ಒಲೆಯ ಮುಂದೆ. ನಾನು ಪಾಸಾದೆ. ಅವಳು ಎರಡು ವಿಷಯ ಉಳಿಸಿಕೊಂಡು ಕಾಲೇಜು ಬಿಟ್ಟಳು. "ಆಪಾ, ಇವತ್ತು ನಾನು ಮಾಡ್ತೀನಿ" ಎಂದು ಒಂದು ದಿನವೂ ಹೇಳಲಿಲ್ಲ. ನನಗೆ ಒಂದು ಸಾರು ಮಾಡಲೂ ಬರುತ್ತಿರಲಿಲ್ಲ.

ಪ್ರವಾದಿ ಮುಹಮ್ಮದ್ (ಸ) ಅವರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಹಜ್ರತ್ ಆಯಿಷಾ (ರ) ತಿಳಿಸಿದ್ದಾರೆ. ಹೀಗಿರುವಾಗ ಅಡುಗೆ ಹೆಣ್ಣುಮಕ್ಕಳ ಕೆಲಸವೆಂದು ನಾವು ಕೈಕಟ್ಟಿ ಕೂರುವುದು ಯಾವ ನ್ಯಾಯ?

ಇನ್ನೊಂದು ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಬೆಳಿಗ್ಗೆ ಬರೀ ಟೀ, ಬನ್ನು ತಿಂದು ಹೊರಡುವ ಮಕ್ಕಳು ಪಾಠದ ಹೊತ್ತಿಗೆ ತೂಕಡಿಸುವುದರಲ್ಲಿ ಆಶ್ಚರ್ಯವೇನು? ಮಾಂಸ ಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ವಾರಕ್ಕೊಮ್ಮೆ ಮಾಂಸ ತರುವ ಮನೆಯಲ್ಲಿ ಉಳಿದ ಆರು ದಿನ ಏನು ಬೇಯುತ್ತದೆ ಎಂಬುದು ಮುಖ್ಯ.

ನಮ್ಮ ಲಗ್ಗೆರೆ ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿದೆ. ಇಲ್ಲಿಗೆ ನಾನಾ ಊರಿನವರು ದುಡಿಯಲು ಬಂದಿದ್ದಾರೆ, ಜೊತೆಗೆ ತಮ್ಮ ಊರಿನ ಅಡುಗೆಯನ್ನೂ ತಂದಿದ್ದಾರೆ. ಅದರಲ್ಲಿ ಮೂರನ್ನು ಕಲಿತರೆ ಸಾಕು.

ಮೊದಲನೆಯದು ಮಂಡ್ಯ, ತುಮಕೂರು ಕಡೆಯ ಬಸ್ಸಾರು. ಒಂದು ಲೋಟ ತೊಗರಿಬೇಳೆಯನ್ನು ಮುಕ್ಕಾಲು ಬೇಯಿಸಿ, ಹೆಚ್ಚಿದ ಒಂದು ಕಟ್ಟು ದಂಟಿನ ಸೊಪ್ಪು, ಉಪ್ಪು ಹಾಕಿ ಐದಾರು ನಿಮಿಷ ಕುದಿಸಿ ಕಟ್ಟನ್ನು ಬಸಿಯಿರಿ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ತೆಂಗಿನತುರಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಬೆಂದ ಸೊಪ್ಪು ಒಂದು ಹಿಡಿ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ! ಮುದ್ದೆಗೆ ಎರಡು ಲೋಟ ಕುದಿಯುವ ನೀರಿಗೆ ಒಂದು ಲೋಟ ರಾಗಿಹಿಟ್ಟು. ಹಿಟ್ಟನ್ನು ಸುರಿದು ಕಲಕದೆ ನಾಲ್ಕೈದು ನಿಮಿಷ ಸಣ್ಣ ಉರಿಯಲ್ಲಿ ಬೇಯಲು ಬಿಡಿ, ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತಿರುವಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿ, ಗೋಧಿಯಲ್ಲಿ ಅಷ್ಟಿಲ್ಲ.

ಎರಡನೆಯದು ಉತ್ತರ ಕರ್ನಾಟಕದ ಜುಣಕ. ಸಾಸಿವೆ, ಜೀರಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ನೀರು, ಉಪ್ಪು, ಅರಿಶಿನ ಹಾಕಿ, ಕುದಿ ಬಂದಾಗ ನೀರಲ್ಲಿ ಕಲಸಿದ ಕಡಲೆಹಿಟ್ಟನ್ನು ಸುರಿದು ಗಟ್ಟಿಯಾಗುವವರೆಗೆ ತಿರುವಿ. ಹತ್ತು ನಿಮಿಷದ ಕೆಲಸ. ಜೋಳದ ರೊಟ್ಟಿ ತಟ್ಟಲು ಬಾರದಿದ್ದರೆ ಚಪಾತಿ ಸಾಕು.

ಮೂರನೆಯದು ಮಲೆನಾಡಿನ ತಂಬುಳಿ. ದೊಡ್ಡಪತ್ರೆ ಎಲೆ, ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಕುದಿಸುವುದೇ ಬೇಡ. ದೊಡ್ಡಪತ್ರೆ ಕುಂಡದಲ್ಲೂ ಬೆಳೆಯುತ್ತದೆ.

ಒಂದು ಎಚ್ಚರಿಕೆ: ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ನಿಂಬೆರಸ ಹಿಂಡಿಕೊಳ್ಳಿ. ಉಂಡ ತಕ್ಷಣ ಟೀ ಕುಡಿಯಬೇಡಿ. ರಕ್ತಹೀನತೆ ಇದ್ದವರು ಊಟವನ್ನಷ್ಟೇ ನಂಬಿ ಕೂರದೆ ವೈದ್ಯರನ್ನು ಕಾಣಬೇಕು.

ಸಾರು ಮಾಡುವಾಗ ನೀರು ಹೆಚ್ಚಿಗೆ ಹಾಕಿ ನೆರೆಯವರನ್ನು ನೆನೆಯುವಂತೆ ಪ್ರವಾದಿಯವರು ಅಬೂದರ್ (ರ) ಅವರಿಗೆ ಬೋಧಿಸಿದ್ದರು. ಬಸ್ಸಾರನ್ನು ಬೇರೆ ಧರ್ಮದ ನೆರೆಮನೆಗೂ ಕೊಡಬಹುದು. ನನಗದನ್ನು ಕಲಿಸಿದವರೂ ಪಕ್ಕದ ಮನೆಯ ಕುಣಿಗಲ್ ಕಡೆಯ ಅಜ್ಜಿಯೇ.

ಹುಡುಗರೇ, ಪರೀಕ್ಷೆ ನಿಮ್ಮ ಅಕ್ಕತಂಗಿಯರಿಗೂ ಇದೆ. ವಾರದಲ್ಲಿ ಮೂರು ದಿನ ಒಲೆ ನಿಮ್ಮದಾಗಲಿ, ಆ ಹೊತ್ತಿನಲ್ಲಿ ಪುಸ್ತಕ ಅವರದಾಗಲಿ. ನಾನು ಕಲಿತದ್ದು ತಡವಾಗಿ. ಆಪಾ ಕಳೆದುಕೊಂಡ ವರ್ಷಗಳನ್ನು ಯಾವ ಸಾರೂ ತಂದುಕೊಡಲಿಲ್ಲ. ನಿಮಗಿನ್ನೂ ಸಮಯವಿದೆ. ಅಲ್ಲಾಹನು ನಮಗೆಲ್ಲ ಅದರ ತೌಫೀಕ್ ನೀಡಲಿ. ಆಮೀನ್.