ಅರೆತಲೆನೋವೂ ಥೈರಾಯ್ಡಿನ ಅರೆಕೊರೆಯೂ



ತಲೆಯ ಒಂದೇ ಪಕ್ಕ ಸಿಡಿಯುವ ನೋವನ್ನು ನಮ್ಮ ಹಿರಿಯರು ಅರೆತಲೆನೋವು ಎಂದರು, ಆಯುರ್ವೇದ ಅರ್ಧಾವಭೇದಕ ಎಂದಿತು. ಗ್ರೀಕ್ ವೈದ್ಯ ಗೇಲನ್ ಬಳಸಿದ 'ಹೆಮಿಕ್ರೇನಿಯಾ' ಎಂಬ ಮಾತಿಗೂ ಅರ್ಧ ತಲೆ ಎಂದೇ ಅರ್ಥ. ಅದೇ ಸವೆದು ಸವೆದು ಮೈಗ್ರೇನ್ ಆಯಿತು.

ನೋವಿನ ಪರಿಚಯ ಇಷ್ಟು ಹಳೆಯದು. ಕತ್ತಿನಲ್ಲಿರುವ ಚಿಟ್ಟೆಯಾಕಾರದ ಗ್ರಂಥಿಯದು ಹಾಗಲ್ಲ. ಅದಕ್ಕೆ ಇಂಗ್ಲೆಂಡಿನ ಥಾಮಸ್ ವಾರ್ಟನ್ ಥೈರಾಯ್ಡ್, ಅಂದರೆ ಗುರಾಣಿಯಂಥದ್ದು, ಎಂದು ಹೆಸರಿಟ್ಟದ್ದು 1656ರಲ್ಲಿ. ಅದರ ಕೆಲಸ ಏನೆಂದು ತಿಳಿಯಲು ಮತ್ತೆ ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1873ರಲ್ಲಿ ಲಂಡನ್ನಿನ ವಿಲಿಯಂ ಗಲ್, ಮುಖ ಊದಿಕೊಂಡು ಮೈಮನಸ್ಸು ಜಡವಾದ ಹೆಂಗಸರ ಕಾಯಿಲೆಯನ್ನು ವಿವರಿಸಿದರು. 1891ರಲ್ಲಿ ನ್ಯೂಕಾಸಲ್‌ನ ಜಾರ್ಜ್ ಮರ್ರೆ ಅಂಥ ಒಬ್ಬಾಕೆಗೆ ಕುರಿಯ ಥೈರಾಯ್ಡ್ ರಸ ಚುಚ್ಚಿದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬಾಳಿದಳು.

ಗ್ರಂಥಿ ಪೂರ್ತಿ ಕೈಕೊಟ್ಟರೆ ಹೀಗೆ. ತುಸುವೇ ಕುಂಟಿದರೆ? ಆಂಟ್ವರ್ಪ್‌ನ ಯೂಜಿನ್ ಹರ್ಟೋಗೆ 19ನೇ ಶತಮಾನದ ಕೊನೆಗೇ ಈ ಸೌಮ್ಯ ಕೊರತೆಯ ಬಗ್ಗೆ ಬರೆದರು. ಸ್ವಲ್ಪ ಕಾಲದಲ್ಲೇ ಪ್ಯಾರಿಸ್‌ನ ವೈದ್ಯರು 'ಥೈರಾಯ್ಡ್ ಮೈಗ್ರೇನ್' ಎಂಬ ಮಾತನ್ನೂ ಆಡಿದರು. ಊಹೆ ಚುರುಕಾಗಿತ್ತು, ಅಳೆದು ನೋಡಲು ತಕ್ಕಡಿ ಇರಲಿಲ್ಲ.

ತಕ್ಕಡಿ ಸಿಕ್ಕಿದ್ದು 1960ರ ದಶಕದಲ್ಲಿ, ಟಿಎಸ್‌ಎಚ್ ರಕ್ತಪರೀಕ್ಷೆಯ ರೂಪದಲ್ಲಿ. ಥೈರಾಯ್ಡ್ ಮಂದವಾದರೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಕೂಗಿ ಎಬ್ಬಿಸುತ್ತದೆ. ಆ ಕೂಗೇ ಟಿಎಸ್‌ಎಚ್. ಥೈರಾಯ್ಡ್ ಹಾರ್ಮೋನು ಸಾಕಷ್ಟಿದ್ದೂ ಕೂಗು ಮಾತ್ರ ಜೋರಾಗಿದ್ದರೆ, ಅದೇ ನಾವಿಂದು ಹೇಳುವ ಸೌಮ್ಯ ಥೈರಾಯ್ಡ್ ಕೊರತೆ.

ಅಳತೆ ಬಂದ ಮೇಲೆ ಲೆಕ್ಕ ಶುರುವಾಯಿತು. 1998ರಲ್ಲಿ ಫ್ರಾನ್ಸಿನ ವೈದ್ಯರು ಥೈರಾಯ್ಡ್ ಕೊರತೆಯ 102 ಮಂದಿಯನ್ನು ಪರಿಶೀಲಿಸಿದಾಗ 31 ಮಂದಿಗೆ ತಲೆನೋವಿತ್ತು. 2001ರಲ್ಲಿ ನಾರ್ವೆಯಿಂದ ತದ್ವಿರುದ್ಧ ವರದಿ ಬಂತು: ಟಿಎಸ್‌ಎಚ್ ಹೆಚ್ಚಿದ್ದ ಹೆಂಗಸರಲ್ಲಿ ತಲೆನೋವೇ ಕಡಿಮೆ! 2017ರಲ್ಲಿ ಅಮೆರಿಕದ ಓಹಾಯೊದವರು ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. 8 ಸಾವಿರಕ್ಕೂ ಹೆಚ್ಚು ಜನರನ್ನು 20 ವರ್ಷ ಗಮನಿಸಿದಾಗ, ಮೈಗ್ರೇನ್ ಇರಬಹುದಾದವರಿಗೆ ಮುಂದೆ ಥೈರಾಯ್ಡ್ ಕೊರತೆ ಬರುವ ಸಂಭವ ಸುಮಾರು ಶೇ. 41ರಷ್ಟು ಹೆಚ್ಚಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಚಿಕಿತ್ಸೆಯಲ್ಲೂ ಇವೆರಡರ ದಾರಿಗಳು ಕೂಡುತ್ತವೆ. ಮೈಗ್ರೇನ್ ತಡೆಯಲು ಕೊಡುವ ವಾಲ್‌ಪ್ರೊಯೇಟ್ ಕೆಲವರಲ್ಲಿ ಟಿಎಸ್‌ಎಚ್ ಏರಿಸುತ್ತದೆ. ಅದಕ್ಕೇ ಕೊಡುವ ಪ್ರೊಪ್ರನಲಾಲ್‌ನಿಂದ ಬರುವ ಸುಸ್ತು ಥೈರಾಯ್ಡ್ ಸುಸ್ತಿನಂತೆಯೇ ಕಾಣುತ್ತದೆ. ಇನ್ನು ಥೈರಾಯ್ಡ್ ಕೊರತೆ ತುಂಬಲು ಕೊಡುವ ಲೆವೊಥೈರಾಕ್ಸಿನ್ ಮಾತ್ರೆ. ಸೌಮ್ಯ ಕೊರತೆಯ ಜೊತೆ ಮೈಗ್ರೇನ್ ಇದ್ದವರಿಗೆ ಅದರಿಂದ ನೋವು ತಗ್ಗಿತೆಂದು ಸಣ್ಣ ಪ್ರಯೋಗಗಳು ಹೇಳಿವೆ. ಅವುಗಳಲ್ಲಿ ನಮ್ಮ ದೇಶದ್ದೂ ಇದೆ. ಆದರೆ 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು, ಸೌಮ್ಯ ಕೊರತೆಯ ಬಹುತೇಕ ವಯಸ್ಕರಿಗೆ ಈ ಮಾತ್ರೆ ಬೇಡವೆಂದಿತು. ಗರ್ಭಿಣಿಯರು, ಟಿಎಸ್‌ಎಚ್ ತೀರಾ ಹೆಚ್ಚಿರುವವರು ಈ ಮಾತಿಗೆ ಹೊರತು. ಬೇಡದವರು ನುಂಗಿದರೆ ಎದೆಬಡಿತ ಏರೀತು, ಮೂಳೆ ಸವೆದೀತು.

ಆದ್ದರಿಂದ ನನ್ನ ಮಾತು ಇಷ್ಟೇ. ಅರೆತಲೆನೋವಿಗೆ ಔಷಧಿ ಹಿಡಿಯುತ್ತಿಲ್ಲವೇ? ಜೊತೆಗೆ ಸುಸ್ತು, ಚಳಿ, ಮಲಬದ್ಧತೆ, ಮುಟ್ಟಿನ ಏರುಪೇರು ಇವೆಯೇ? ಟಿಎಸ್‌ಎಚ್ ನೋಡಬೇಕೇ ಎಂದು ವೈದ್ಯರನ್ನು ಕೇಳಿ. ಅಂಕಿ ತುಸು ಮೇಲಿದ್ದರೆ ಗಾಬರಿ ಬೇಡ, ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಲಿ. ಎಷ್ಟೋ ಸಲ ಅದು ತಾನಾಗಿಯೇ ಇಳಿದಿರುತ್ತದೆ. ವೈದ್ಯರು ಮಾತ್ರೆ ಬರೆದುಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಳ್ಳಿ. ಕಾಫಿ ಅರ್ಧ ಗಂಟೆಯಾದರೂ ಕಾಯಲಿ. ನೆರೆಮನೆಯವರ ಡಬ್ಬಿಯಿಂದ ಮಾತ್ರ ಈ ಮಾತ್ರೆ ಬೇಡ.